ಅವ್ವನ ಕುಟ್ಟಾಣಿ ಮತ್ತು ‘ಬಾಗ್‌ಬಾನ್’

ಹೋದ ತಿಂಗಳು ಒಂದು ಭಾನುವಾರ ಟೀವಿಯಲ್ಲಿ ಮತ್ತೆ ‘ಬಾಗ್‌ಬಾನ್’ ಬಂತು. 2003ರ ಸಿನೆಮಾ, ಇನ್ನೂ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಬರ್ತಾನೇ ಇರುತ್ತೆ. ನಮ್ಮವ್ವ ಸೋಫಾದ ಮೇಲೆ ಕಾಲು ಮಡಚಿ ಕೂತು ಪೂರ್ತಿ ನೋಡಿದಳು. ಮಕ್ಕಳು ಸೇರಿ ಅಪ್ಪನನ್ನ ಒಬ್ಬನ ಮನೆಗೆ, ಅಮ್ಮನನ್ನ ಇನ್ನೊಬ್ಬನ ಮನೆಗೆ ಹಂಚಿಕೊಳ್ಳೋ ಕಥೆ. ಅಮಿತಾಭ್ ರಾತ್ರಿ ಟೈಪ್‌ರೈಟರ್ ಕುಟ್ಟುತ್ತಾನೆ, ಸಪ್ಪಳಕ್ಕೆ ನಿದ್ದೆ ಕೆಡುತ್ತೆ ಅಂತ ಮನೆಯವರು ಸಿಡುಕುತ್ತಾರೆ. ಅಲ್ಲಿಗೆ ಅವ್ವನ ಸೆರಗು ಕಣ್ಣಿಗೆ ಹೋಯ್ತು.

ಮರುದಿನ ಬೆಳಗ್ಗೆ ನಮ್ಮ ಮನೆಯಲ್ಲಿ ಕುಟ್ಟಾಣಿ ಸಪ್ಪಳ ಇಲ್ಲ.

ಅವ್ವನಿಗೀಗ 78. ಹಲ್ಲಿಲ್ಲ, ಹಲ್ಲಿನ ಸೆಟ್ ಡಬ್ಬಿ ಬಿಟ್ಟು ಬರೋದಿಲ್ಲ. ಐದೂವರೆಗೆ ಎದ್ದು ಎಲೆ, ಅಡಿಕೆ, ಚೂರು ಸುಣ್ಣ ಹಾಕಿ ಕುಟ್ಟಿ ಬಾಯಿಗೆ ಹಾಕಿಕೊಂಡರೇ ಅವಳಿಗೆ ಬೆಳಗಾಗೋದು. ಅಪ್ಪ ಹೋದ ಮೇಲೆ ಗದಗಿನಿಂದ ಪುಣೆಯ ಕೋಥರೂಡಿನ ಈ ಫ್ಲಾಟಿಗೆ ಬಂದು ಆರು ವರ್ಷ. ಬರುವಾಗ ಎರಡು ಚೀಲ, ಒಂದು ಕುಟ್ಟಾಣಿ. ಸಿನೆಮಾ ನೋಡಿದ ಎರಡನೇ ದಿನ ಹುಡುಕಿದರೆ ಡ್ರೈ ಬಾಲ್ಕನಿಯಲ್ಲಿ, ವಾಶಿಂಗ್ ಮಶೀನ್ ಪಕ್ಕ, ನೆಲದ ಮೇಲೆ ಕೂತಿದಾಳೆ. ಕುಟ್ಟಾಣಿ ಕೆಳಗೆ ಟವೆಲ್ಲು ನಾಲ್ಕು ಮಡಿಕೆ. ಪುಣೆಯ ಡಿಸೆಂಬರ್ ಚಳಿ ಬೇರೆ.

“ಯಾಕವ್ವಾ, ಇಲ್ಲಿ ಕುಂತೀ?”

“ಹುಡಿಗೀದು ಪರೀಕ್ಷಾ ಐತಿ, ನಿದ್ದಿ ಕೆಡ್ತೈತಿ.”

ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ.

ಈ ಸಿನೆಮಾ ಮಕ್ಕಳಿಗೆ ಬುದ್ಧಿ ಕಲಿಸುತ್ತೆ ಅಂತ ನಮ್ಮ ಬಳಗದಲ್ಲಿ ಎಷ್ಟು ಜನ ಹೇಳ್ತಾರೋ. ನಮ್ಮ ಮನೆಯಲ್ಲಿ ಕಲಿತವಳು ಅವ್ವ ಒಬ್ಬಳೇ. ಸೊಸೆ ಪಾತ್ರೆ ಸ್ವಲ್ಪ ಜೋರಾಗಿ ಇಟ್ಟರೆ ಅದರಲ್ಲಿ ಏನೋ ಅರ್ಥ ಹುಡುಕೋದನ್ನ ಕಲಿತಳು. ಆರು ವರ್ಷದಲ್ಲಿ ಕುಟ್ಟಾಣಿ ಬಗ್ಗೆ ಒಂದು ಮಾತು ಆಡದ ನನ್ನ ಹೆಂಡತಿಗೆ ಮೂರು ತಾಸಿನಲ್ಲಿ ಶಿಕ್ಷೆ ಆಗಿಹೋಯ್ತು. ಅವಳು ಅತ್ತದ್ದು ಸಿನೆಮಾ ನೋಡಿ ಅಲ್ಲ, ಆ ಟವೆಲ್ಲು ನೋಡಿ.

ವಯಸ್ಸಾದವರ ಬಗ್ಗೆ ಬರೋ ನಮ್ಮ ಬಹಳಷ್ಟು ಸಿನೆಮಾ ಕೇಳೋದು ಒಂದೇ ಪ್ರಶ್ನೆ: ಮಕ್ಕಳು ನೋಡಿಕೊಂಡರೋ, ಇಲ್ಲವೋ? ಕೋರ್ಟಿನ ಪ್ರಶ್ನೆ ಅದು. ಅದಕ್ಕೆ ಕೋರ್ಟಿನಂಥದ್ದೇ ಇದೆ: 2007ರ ಕಾಯ್ದೆ, ತಂದೆತಾಯಿ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿ ಮಕ್ಕಳಿಂದ ಜೀವನಾಂಶ ಪಡೀಬಹುದು. ಬೇಕಾದವರಿಗೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಎಲ್ಲ ಮನೆಯನ್ನೂ ಕಟಕಟೆಗೆ ಹತ್ತಿಸಿದರೆ ಹೆಂಗೆ? ಮರಾಠಿಯ ಶಿರವಾಡಕರರ ‘ನಟಸಮ್ರಾಟ್’ ನಾಟಕವೂ (1970), ನಾನಾ ಪಾಟೇಕರ್ ಮಾಡಿದ 2016ರ ಸಿನೆಮಾವೂ ಹಿಡಿಯೋದು ಇದೇ ತಕ್ಕಡಿ. ಆಸ್ತಿ ಎಲ್ಲ ಹಂಚಿ ಬರಿಗೈಯಾದ ಮುದುಕ, ಬೇಡವಾದ ಮುದುಕ. (ಪುಣೆಯಲ್ಲಿ ಕೂತು ನಟಸಮ್ರಾಟ್ ಬಗ್ಗೆ ಹಿಂಗೆ ಬರೆದದ್ದು ನಮ್ಮ ಸೊಸೈಟಿಯ ಕಾಕಾಗಳಿಗೆ ಯಾರೂ ಹೇಳಬೇಡಿ.) ಮಾತು ದೊಡ್ಡದು, ಅಭಿನಯ ದೊಡ್ಡದು. ಗೀಸರ್ ಯಾವ ಕಡೆ ತಿರುಗಿಸಿದರೆ ಬಿಸಿನೀರು ಅಂತ ದಿನಾ ಮರೆಯೋ ಮುದುಕಿಗೂ, ದಿನಾ ಹೇಳಿ ಹೇಳಿ ಒಂದು ದಿನ ಧ್ವನಿ ಏರಿಸೋ ಮಗನಿಗೂ ಅಲ್ಲಿ ಜಾಗ ಇಲ್ಲ.

ಮುಪ್ಪು ಅಂದರೆ ನಮ್ಮ ಸಿನೆಮಾದವರಿಗೆ ಮೊದಲಿಂದಲೂ ಒಂದು ವೇಷ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್‌ಗೆ ನಾಯಕಿಯಾಗಿದ್ದ ಪಂಢರಿಬಾಯಿ ಆಮೇಲೆ ಅವರಿಗೇ ತಾಯಿ. ಹೀರೋಗೆ ಮಾತ್ರ ವಯಸ್ಸಾಗಲಿಲ್ಲ.

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನನಗೆ ಇಷ್ಟ. ಮರೆವಿನ ಕಾಯಿಲೆಯ ಅಪ್ಪನಾಗಿ ಅನಂತನಾಗ್ ಒಂದು ಖಾಲಿ ನೋಟದಲ್ಲೇ ಹೊಟ್ಟೆ ಕಿವುಚಿಸ್ತಾರೆ. ಆದರೂ ಒಂದು ಕೊಸರು. ಅಪ್ಪ ಎಂಥ ಮನುಷ್ಯ ಅಂತ ಮಗನಿಗೆ ಕುತೂಹಲ ಹುಟ್ಟಬೇಕಾದರೆ ಅಪ್ಪ ಕಳೆದೇಹೋಗಬೇಕಾಯ್ತು.

ಅದಕ್ಕಿಂತ ನನ್ನನ್ನ ಹೆಚ್ಚು ಕಾಡಿದ್ದು ಮರಾಠಿಯ ‘ಅಸ್ತು’. ಸುಮಿತ್ರಾ ಭಾವೆ, ಸುನೀಲ್ ಸುಕಥನಕರ್ ಮಾಡಿದ್ದು. ನೆನಪು ಕಳಕೊಂಡ ಸಂಸ್ಕೃತ ಪಂಡಿತನಾಗಿ ಮೋಹನ್ ಆಗಾಶೆ, ಅವರು ನಿಜಜೀವನದಲ್ಲಿ ಮನೋವೈದ್ಯರು. ಮಗಳು ಒಂದು ಗಳಿಗೆ ಕಾರಿನಲ್ಲಿ ಬಿಟ್ಟು ಹೋದಾಗ ಮುದುಕ ಇಳಿದು ಒಂದು ಆನೆಯ ಹಿಂದೆ ನಡೆದುಬಿಡ್ತಾನೆ. ಆನೆಯವನ ಹೆಂಡತಿಯ ಹೆಸರು ಚನ್ನಮ್ಮ. ಹೆಸರು ಕೇಳಿ ನನ್ನ ಕಿವಿ ನೆಟ್ಟಗಾಯ್ತು! ಆ ಪಾತ್ರಕ್ಕೆ ಅಮೃತಾ ಸುಭಾಷ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಚನ್ನಮ್ಮನಿಗೆ ಆ ಮುದುಕ ಅಪ್ಪ ಅಲ್ಲ, ಮಾವ ಅಲ್ಲ, ಹಳೇ ಲೆಕ್ಕ ಒಂದೂ ಇಲ್ಲ. ಹಸಿದಿದಾನೆ, ಉಣ್ಣಿಸ್ತಾಳೆ. ಮಗಳು ಕೆಟ್ಟವಳಲ್ಲ, ದಣಿದವಳು. ಸಿನೆಮಾ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಸುಮ್ಮನಿರುತ್ತೆ.

ಹೋದ ವಾರ ನಾನೇ ಹಟ ಮಾಡಿ ಕನ್ನಡದ ‘ತಿಥಿ’ ಸಿನೆಮಾ ಹಾಕಿದೆ. ನೂರು ದಾಟಿದ ಸೆಂಚುರಿಗೌಡ ಸತ್ತಿದಾನೆ. ಮಗ ಗಡ್ಡಪ್ಪನಿಗೆ ದುಃಖವೂ ಇಲ್ಲ, ಆಸ್ತಿಯೂ ಬೇಡ. ಮೊಮ್ಮಗ ತಮ್ಮಣ್ಣ ಜಮೀನು ಮಾರೋದಕ್ಕಾಗಿ, ಬದುಕಿರೋ ಅಪ್ಪ ಸತ್ತಿದಾನೆ ಅಂತ ಕಾಗದ ಮಾಡಿಸ್ತಾನೆ. ಬಾಗ್‌ಬಾನ್ ಲೆಕ್ಕದಲ್ಲಿ ಇವನಿಗೆ ನರಕವೇ. ಅವ್ವ ಮಾತ್ರ ಗಡ್ಡಪ್ಪನ್ನ ನೋಡಿ, “ನಮ್ಮ ಮಾವನೋರೂ ಹಿಂಗ ಇದ್ರು, ಯಾರದೂ ಏನೂ ಹಚ್ಕೊಂಡೋರಲ್ಲ” ಅಂತ ನಗ್ತಿದ್ದಳು.

ತೊಂದರೆ ಆದದ್ದು ಮಂಡ್ಯದ ಕನ್ನಡದಿಂದ. ಅವ್ವನಿಗೆ ಅರ್ಧ ಹತ್ತಲಿಲ್ಲ. “ಏನಂದಾಂವ?” ಅಂತ ಮೊಮ್ಮಗಳನ್ನ ಕೇಳೋದು, ಅವಳು ಕೆಳಗಿನ ಇಂಗ್ಲಿಷ್ ಸಬ್‌ಟೈಟಲ್ ಓದಿ, ಅರ್ಧ ಮರಾಠಿ ಅರ್ಧ ಧಾರವಾಡಿಯಲ್ಲಿ ಅಜ್ಜಿಗೆ ತಿಳಿಸಿ ಹೇಳೋದು. ಕನ್ನಡದಿಂದ ಕನ್ನಡಕ್ಕೆ ಹೋಗೋಕೆ ಇಂಗ್ಲಿಷು, ಮರಾಠಿ ಎರಡನ್ನೂ ಸುತ್ತಿ ಬಂದರು. ನಾನು ನಡುವೆ ಬಾಯಿ ಹಾಕಿದರೆ ಇಬ್ಬರೂ ಸುಮ್ಮನಿರಿಸಿದರು.

ಸಿನೆಮಾ ಮುಕ್ಕಾಲು ಆದಾಗ ಅವ್ವ ಸೋಫಾದ ಕೆಳಗಿಂದ ಕುಟ್ಟಾಣಿ ಎಳೆದು, ಟವೆಲ್ಲಿಲ್ಲದೆ, ನೆಲದ ಮೇಲೇ ಇಟ್ಟು ಶುರುಮಾಡಿದಳು. ಠಕ್ ಠಕ್.

“ಅಜ್ಜೀ, ಥಾಂಬ್ ನಾ! ಏನೂ ಕೇಳಸಂಗಿಲ್ಲ!”

“ನೀ ಓದಾಕತ್ತೀಯಲ್ಲ, ನಿನಗ್ಯಾಕ ಕೇಳಸಬೇಕು?”