ಕೋಡಿಯ ಕೆಳಗಿನ ಬಡಾವಣೆ

ಮೊನ್ನೆ ರಾತ್ರಿಯ ಮಳೆಗೆ ಮೈಸೂರಿನ ನಮ್ಮ ಬಡಾವಣೆಯ ಕೆಳಗಿನ ಸಾಲಿನ ಮನೆಗಳಿಗೆ ನೀರು ನುಗ್ಗಿತು. ನಮ್ಮ ಹಜಾರದ ಗೋಡೆಯಲ್ಲಿ ಸ್ವಿಚ್ ಬೋರ್ಡಿನಿಂದ ಒಂದು ಗೇಣು ಕೆಳಗೆ ಕೆಸರಿನ ಗೆರೆ ಇನ್ನೂ ಹಾಗೆಯೇ ಇದೆ. ನೋಡಲು ಬಂದವರೆಲ್ಲ ಮಳೆಯನ್ನೇ ದೂರಿದರು. ಆದರೆ ಮೇಲಿನ ಎರಡು ಬೀದಿಗಳಲ್ಲಿ ಅದೇ ಮಳೆ ಸುರಿದರೂ ಯಾರ ಮನೆಯ ಚಾಪೆಯೂ ನೆನೆಯಲಿಲ್ಲ.

ಹಳೆಯ ಗ್ರಾಮನಕ್ಷೆ ತೆಗೆಸಿ ನೋಡಿದಾಗ, ಕೆರೆಯ ಕೋಡಿಯಿಂದ ಹೊರಟ ಹಳ್ಳವೊಂದು ನಮ್ಮ ಅಡ್ಡರಸ್ತೆ ಈಗಿರುವ ಜಾಗದಲ್ಲಿಯೇ ಹಾದುಹೋಗಿತ್ತು. ಹಳ್ಳ, ದಾರಿಗಳಂಥ ಸಾರ್ವಜನಿಕ ಜಾಗವನ್ನು ಕಂದಾಯ ದಾಖಲೆ ‘ಬಿ ಖರಾಬು’ ಎಂದು ಪ್ರತ್ಯೇಕವಾಗಿ ಗುರುತಿಸುತ್ತದೆ. ಅದು ಸಾಗುವಳಿದಾರನು ಮಾರಬಹುದಾದ ನೆಲವಲ್ಲ. ಬಡಾವಣೆ ಮಾಡಿದವರು ಆ ಹಳ್ಳವನ್ನು ಎರಡಡಿಯ ಸಿಮೆಂಟ್ ಪೈಪಿಗೆ ಇಳಿಸಿ ಮೇಲೆ ಡಾಂಬರು ಹಾಕಿದ್ದಾರೆ. ಗದ್ದೆಗಳಿದ್ದಾಗ ಬದುಗಳ ನಡುವೆ ನಿಂತು ನಿಧಾನವಾಗಿ ಇಂಗುತ್ತಿದ್ದ ನೀರು ಈಗ ತಾರಸಿ, ಕಾಂಕ್ರೀಟು, ಡಾಂಬರಿನ ಮೇಲಿಂದ ಒಂದೇ ಸಮನೆ ಇಳಿದು, ಮೊದಲಿಗಿಂತ ಹೆಚ್ಚಾಗಿಯೂ ಬೇಗನೆಯೂ ಬಂದು, ಮೊದಲಿಗಿಂತ ಕಿರಿದಾದ ದಾರಿಯಲ್ಲಿ ಹೋಗಬೇಕಾಗಿದೆ. ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ವಸತಿ ಪ್ರದೇಶವೆಂದು ಹಳದಿ ಬಣ್ಣ ಬಳಿದ ಮಾತ್ರಕ್ಕೆ ತಗ್ಗು ದಿಣ್ಣೆಯಾಗುವುದಿಲ್ಲ.

ತಪ್ಪು ನನ್ನದೂ ಇದೆ. ಸೈಟು ಕೊಳ್ಳುವಾಗ ಭೂಪರಿವರ್ತನೆಯ ಆದೇಶ, ಖಾತೆ, ಇ.ಸಿ. (ಋಣಭಾರ ಪ್ರಮಾಣಪತ್ರ) ಮೂರನ್ನೂ ವಕೀಲರಿಗೆ ತೋರಿಸಿದ್ದೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಂಜನಗೂಡಿನಲ್ಲಿ ಕಬಿನಿ ಉಕ್ಕುವ ಕಥೆ ಬೇರೆ. ಜಲಾಶಯದಿಂದ ನೀರು ಬಿಡುವ ಮೊದಲು ಎಚ್ಚರಿಕೆ ಕೊಡುತ್ತಾರೆ, ದನಕರು, ಸಾಮಾನು ಸಾಗಿಸಲು ವ್ಯವಧಾನವಿರುತ್ತದೆ. ನಮ್ಮಲ್ಲಿ ಅರ್ಧ ಗಂಟೆಯೂ ಸಿಗಲಿಲ್ಲ. ಫ್ರಿಜ್ಜನ್ನು ಮಂಚದ ಮೇಲೆತ್ತುವಷ್ಟರಲ್ಲಿ ಅಕ್ಕಿಯ ಮೂಟೆ ನೆನೆದಿತ್ತು.

ಪ್ಲೇಗಿನ ಹೊಡೆತದ ನಂತರ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿಯನ್ನು ಸ್ಥಾಪಿಸಿದ ಊರು ಇದು. ಚರಂಡಿ, ಬೀದಿಯ ಅಗಲ, ಶುಚಿ ಕೆಲಸಕ್ಕೆಂದು ಮನೆಗಳ ಹಿಂದೆ ಬಿಡುವ ಕನ್ಸರ್ವೆನ್ಸಿ ಗಲ್ಲಿಗಳನ್ನು ಯೋಚಿಸಿ ಬಡಾವಣೆ ಕಟ್ಟುವ ಅಭ್ಯಾಸ ನಮಗೆ ಹೊಸದೇನಲ್ಲ. ಅನುಮೋದನೆಗೆ ಮುನ್ನ ನೆಲದ ಮಟ್ಟ ಅಳೆದು, ಹಳ್ಳವನ್ನು ಅದರ ಪೂರ್ಣ ಅಗಲದಲ್ಲಿ ತೆರೆದೇ ಬಿಡಬೇಕೆಂಬ ಷರತ್ತು ಹಾಕುವುದು ಅಷ್ಟು ಕಷ್ಟವೇ? ಅದಿಲ್ಲದ ಕಾರಣ ಒಬ್ಬೊಬ್ಬರೂ ತಮ್ಮ ಪಾಯವನ್ನು ಮೂರಡಿ ಏರಿಸಿ ನೀರನ್ನು ಪಕ್ಕದ ಮನೆಗೆ ತಳ್ಳುತ್ತಿದ್ದೇವೆ. ಮುಂದಿನ ಸರದಿ ನನ್ನದೆಂದು ಮೇಸ್ತ್ರಿ ಆಗಲೇ ಲೆಕ್ಕ ಕೊಟ್ಟುಹೋಗಿದ್ದಾನೆ.

ಹಳ್ಳದ ಜಾಡಿನಲ್ಲಿ ಇನ್ನೂ ಖಾಲಿ ಉಳಿದಿರುವುದು ಮೂಲೆಯ ಒಂದು ಸೈಟು ಮಾತ್ರ. ಅಲ್ಲಿ ಈ ವಾರ ಪಾಯಕ್ಕೆ ಸುಣ್ಣದ ಗುರುತು ಹಾಕಿದ್ದಾರೆ. ಗ್ರಾಮನಕ್ಷೆಯ ಪ್ರತಿ ಲಗತ್ತಿಸಿ ಸೋಮವಾರ ಆಕ್ಷೇಪಣೆ ಸಲ್ಲಿಸುತ್ತಿದ್ದೇನೆ. ನಮ್ಮ ಸಾಲಿನವರು ಭಾನುವಾರ ಸಂಜೆ ಬಂದು ಸಹಿ ಹಾಕಬೇಕೆಂದು ಕೋರುತ್ತೇನೆ.