ಡ್ರಮ್ ಸೆಟ್ ಇರಲಿ, ಸಭೆಯ ದನಿಯೂ ಕೇಳಲಿ

ಗಿಟಾರ್, ಕೀಬೋರ್ಡ್, ಡ್ರಮ್ ಸೆಟ್ ಕ್ರೈಸ್ತ ಆರಾಧನೆಗೆ ತಕ್ಕವೇ ಎಂಬ ಮಾತು ನಮ್ಮ ಸಭೆಗಳಲ್ಲಿ ಎದ್ದಾಗಲೆಲ್ಲ ಹಿರಿಯರು ಆರ್ಗನ್ ಮತ್ತು ಹಾರ್ಮೋನಿಯಂಗಳನ್ನು ದೇವರ ವಾದ್ಯಗಳೆಂದೂ ಉಳಿದವನ್ನು ಲೋಕದ ವಾದ್ಯಗಳೆಂದೂ ವಿಂಗಡಿಸಿಬಿಡುತ್ತಾರೆ. ಯುವಕರಾದರೋ ಬೈಬಲಿನ 150ನೆಯ ಕೀರ್ತನೆಯನ್ನು ತೆರೆದು ಅಲ್ಲಿರುವ ಕಿನ್ನರಿ, ದಮ್ಮಡಿ, ತಾಳಗಳ ಹೆಸರನ್ನು ಓದಿ ಚರ್ಚೆ ಮುಗಿಯಿತೆಂದು ಭಾವಿಸುತ್ತಾರೆ. ಈ ಎರಡು ವಾದಗಳಲ್ಲಿ ಯಾವುದೂ ನನಗೆ ಒಪ್ಪಿಗೆಯಾಗುವುದಿಲ್ಲ.

ಆರ್ಗನ್ ಹುಟ್ಟಿದ್ದು ದೇವಾಲಯದಲ್ಲಲ್ಲ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಎಂಬ ಯಂತ್ರಕುಶಲಿ ನೀರಿನ ಒತ್ತಡದಿಂದ ಗಾಳಿ ಹಾಯಿಸಿ ಅದನ್ನು ನುಡಿಯುವಂತೆ ಮಾಡಿದ. ರೋಮನ್ನರ ಕಾಲದಲ್ಲಿ ಖಡ್ಗಮಲ್ಲರು ಕಾದಾಡುವ ಅಖಾಡಗಳಲ್ಲಿ ಅದು ಮೊಳಗುತ್ತಿತ್ತು. ಆದಿಸಭೆಯ ಪಿತೃಗಳು, ಎಂದರೆ ಮೊದಲ ಶತಮಾನಗಳ ಕ್ರೈಸ್ತ ಗುರುಗಳು, ವಾದ್ಯಗಳನ್ನು ದೂರವಿಟ್ಟದ್ದಕ್ಕೆ ಇಂಥ ಸಹವಾಸವೂ ಒಂದು ಕಾರಣ, ಮತ್ತು ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಇಂದಿಗೂ ಬರಿಯ ಕಂಠದಿಂದಲೇ ಹಾಡುತ್ತವೆ. ಜೂರಿಕ್‌ನ ಪ್ರೊಟೆಸ್ಟಂಟ್ ಸುಧಾರಕ ಜ್ವಿಂಗ್ಲಿ ಸ್ವತಃ ಹಲವು ವಾದ್ಯಗಳನ್ನು ಬಲ್ಲವನಾಗಿದ್ದರೂ ಆರಾಧನೆಯಿಂದ ಸಂಗೀತವನ್ನೇ ಹೊರಗಿಟ್ಟ. 1903ರಲ್ಲಿ ಪೋಪ್ ಹತ್ತನೆಯ ಪಯಸ್ ಚರ್ಚುಗಳಲ್ಲಿ ಪಿಯಾನೊವನ್ನೂ ಡ್ರಮ್ಮುಗಳನ್ನೂ ನಿಷೇಧಿಸಿದರು. 1963ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಎರಡನೆಯ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್ನಿನ ಹಿರಿಮೆಯನ್ನು ಉಳಿಸಿಕೊಂಡೇ, ಪವಿತ್ರ ಬಳಕೆಗೆ ಒಗ್ಗುವ ಅಥವಾ ಒಗ್ಗಿಸಬಹುದಾದ ಇತರ ವಾದ್ಯಗಳನ್ನು ಸ್ಥಳೀಯ ಧರ್ಮಾಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದಿತು.

ಹಾರ್ಮೋನಿಯಂ ಕಥೆಯಂತೂ ಇನ್ನೂ ಸ್ವಾರಸ್ಯಕರ. 1840ರ ದಶಕದ ಪ್ಯಾರಿಸ್‌ನಲ್ಲಿ ಆ ಹೆಸರು ಪಡೆದು, ಕಾಲಿನಿಂದ ತಿದಿಯೊತ್ತುವ ರೂಪದಲ್ಲಿ ಈ ದೇಶಕ್ಕೆ ಬಂದು, ಕಲ್ಕತ್ತೆಯ ದ್ವಾರಕಾನಾಥ ಘೋಷರಂಥವರ ಕೈಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ಪೆಟ್ಟಿಗೆಯಾದ ಈ ವಾದ್ಯವನ್ನು, ನಮ್ಮ ಸಂಗೀತಕ್ಕೆ ಹೊಂದುವುದಿಲ್ಲವೆಂದು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಇಂದು ಅದಕ್ಕಿಂತ ದೇಸಿ ವಾದ್ಯವಿಲ್ಲವೆಂಬಂತೆ ನಾವು ಮಾತನಾಡುತ್ತೇವೆ! ಹೀಗಿರುವಾಗ ವಾದ್ಯದ ವಯಸ್ಸನ್ನೂ ಹುಟ್ಟೂರನ್ನೂ ಹಿಡಿದು ಯೋಗ್ಯತೆಯನ್ನು ನಿರ್ಣಯಿಸಲಾಗದು.

ಹಾಗೆಂದು ಕೀರ್ತನೆಯೊಂದನ್ನು ತೋರಿಸಿದ ಮಾತ್ರಕ್ಕೆ ಎಲ್ಲವೂ ಸಲ್ಲುತ್ತದೆಯೆಂದಲ್ಲ. ಸಭೆ ಕೂಡುವುದು ಹಾಡು ಕೇಳಲಿಕ್ಕಲ್ಲ, ಹಾಡಲಿಕ್ಕೆ. ಹಿಂದಿನ ಬೆಂಚಿನಲ್ಲಿ ಕುಳಿತವರು ತಮ್ಮ ದನಿಯನ್ನೂ ಪಕ್ಕದವರ ದನಿಯನ್ನೂ ಕೇಳಬಲ್ಲರೇ ಎಂಬುದೊಂದೇ ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ. ಈ ಲೆಕ್ಕದಲ್ಲಿ ಡ್ರಮ್ಮಿಗಿಂತ ಹೆಚ್ಚು ತೊಂದರೆ ಕೊಡುವುದು ಸ್ಪೀಕರು, ಅದಕ್ಕೂ ಹೆಚ್ಚಾಗಿ ಕೀಬೋರ್ಡಿನ ರಿದಮ್ ಗುಂಡಿ. ಹಳೆಯ ಸಂಗೀತಗಳನ್ನು, ಎಂದರೆ ಆರಾಧನೆಯ ಹಾಡುಪುಸ್ತಕದ ಗೀತೆಗಳನ್ನು, ಹಾಡುವಾಗ ನಮ್ಮ ಅಜ್ಜಿಯಂದಿರು ಸಾಲಿನ ಕೊನೆಯ ಅಕ್ಷರವನ್ನು ಎಳೆದು, ಉಸಿರು ತೆಗೆದುಕೊಂಡು, ಆಮೇಲೆ ಮುಂದಿನ ಸಾಲು ಹಿಡಿಯುತ್ತಾರೆ. ಹಾರ್ಮೋನಿಯಂ ನುಡಿಸುವವರು ಅದನ್ನು ಗಮನಿಸಿ ಕಾಯುತ್ತಿದ್ದರು. ಗುಂಡಿ ಒತ್ತಿ ಬಿಟ್ಟ ತಾಳ ಯಾರಿಗೂ ಕಾಯುವುದಿಲ್ಲ. ಎರಡನೆಯ ಚರಣದ ಹೊತ್ತಿಗೆ ಅಜ್ಜಿಯಂದಿರು ಅರ್ಧ ಸಾಲು ಹಿಂದೆ ಬಿದ್ದು, ಮೂರನೆಯದಕ್ಕೆ ಪುಸ್ತಕ ಮುಚ್ಚುತ್ತಾರೆ. ಮೂರು ಮಾತ್ರೆಯ ಲಯದ ಹಾಡಿಗೆ ನಾಲ್ಕರ ತಾಳ ಹಾಕಿ ಪದಗಳನ್ನು ತುಂಡರಿಸುವುದನ್ನೂ ನಾನು ಕೇಳಿದ್ದೇನೆ. ಇನ್ನು ಶ್ರುತಿ: ಕ್ವಾಯರಿನ ಮುಖ್ಯ ಗಾಯಕನ ಕಂಠಕ್ಕೆ ಹೊಂದುವ ಎತ್ತರದಲ್ಲಿ ಹಾಡನ್ನು ಎತ್ತಿಕೊಂಡರೆ ಸಾಮಾನ್ಯರ ದನಿ ಪಲ್ಲವಿಯಲ್ಲೇ ಸೋಲುತ್ತದೆ.

ಇದಾವುದೂ ವಾದ್ಯದ ದೋಷವಲ್ಲ. ಎಚ್ಚರವಿಲ್ಲದೆ ನುಡಿಸಿದರೆ ಆರ್ಗನ್ ಕೂಡ ಸಭೆಯನ್ನು ಮುಳುಗಿಸಬಲ್ಲದು, ಸಂಯಮದಿಂದ ನುಡಿಸಿದ ಗಿಟಾರ್ ಪುಟ್ಟ ಹಳ್ಳಿಯ ಸಭೆಯ ಹಾಡನ್ನು ಚೆನ್ನಾಗಿ ಎತ್ತಿ ಹಿಡಿಯಬಲ್ಲದು. ಡ್ರಮ್ ತೆಗೆದರೆ ಯುವಕರು ಬರುವುದಿಲ್ಲವೆಂಬ ಭಯಕ್ಕೆ ನನ್ನ ಉತ್ತರ, ತೆಗೆಯುವುದೇ ಬೇಡ. ಸಣ್ಣ ದೇವಾಲಯದಲ್ಲಿ ಅದಕ್ಕೆ ಮೈಕ್ ಬೇಕಿಲ್ಲ, ಕೋಲಿನ ಬದಲು ಬ್ರಷ್ ಹಿಡಿದರೆ ಸಾಕು. ಹಳೆಯ ಸಂಗೀತಗಳಿಗೆ ರಿದಮ್ ಗುಂಡಿ ಒತ್ತದೆ ಕೈಯಿಂದಲೇ ನುಡಿಸಲಿ, ಶ್ರುತಿಯನ್ನು ಒಂದೆರಡು ಮನೆ ಇಳಿಸಲಿ, ಕೊನೆಯ ಚರಣಕ್ಕೆ ವಾದ್ಯಗಳೆಲ್ಲ ಸುಮ್ಮನಾಗಲಿ. ಹೊಸ ಸ್ಪೀಕರಿಗೆ ಹಣ ಮಂಜೂರು ಮಾಡುವ ಮುನ್ನ ಸಭಾ ಸಮಿತಿಯವರು ಒಂದು ಭಾನುವಾರ ಮುಂದಿನ ಕುರ್ಚಿಗಳನ್ನು ಬಿಟ್ಟು ಹಿಂದಿನ ಸಾಲಿನಲ್ಲಿ ಕುಳಿತು ಹಾಡಿ ನೋಡಲಿ.