ಕ್ಷಮಿಸಿದ್ದೇವೆ, ಅರ್ಜಿ ಹಾಕಿ

2024ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬೈಡನ್ ಸಾಹೇಬರು ಸಾವಿರಾರು ಮಾಜಿ ಸೈನಿಕರನ್ನು ಒಂದೇ ಏಟಿಗೆ ಕ್ಷಮಿಸಿದ್ದು ನಿಮಗೆ ನೆನಪಿರಬೇಕು. 1951ರಿಂದ 2013ರ ತನಕ ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧಕ್ಕಾಗಿ ಮಿಲಿಟರಿ ಕೋರ್ಟಿನಲ್ಲಿ ಶಿಕ್ಷೆ ತಿಂದವರು ಅವರೆಲ್ಲ. ಎಂಥಾ ದೊಡ್ಡ ಮನಸ್ಸು ಅಂತ ಪೇಪರ್‌ಗಳು ಹೊಗಳಿದವು. ಹೊಗಳಿಕೆಯ ಕೆಳಗೆ ಒಂದೆರಡು ಸಾಲು ಸಣ್ಣಗೆ ಇತ್ತು. ಅದನ್ನು ಓದಿದವರು ಕಮ್ಮಿ.

ಕ್ಷಮೆ ಸಿಕ್ಕಿದೆ ಸರಿ. ಆದರೆ ಸಿಕ್ಕಿದೆ ಅನ್ನೋದಕ್ಕೆ ಸರ್ಟಿಫಿಕೇಟ್ ಬೇಕು. ಅದಕ್ಕೆ ಅರ್ಜಿ ಹಾಕಬೇಕು. ಸರ್ಟಿಫಿಕೇಟ್ ಕೈಗೆ ಬಂದರೂ ಸೈನ್ಯ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಪೇಪರಿನ ಕೆಟ್ಟ ಷರಾ ಅಲ್ಲೇ ಇರುತ್ತದೆ. ಅದನ್ನು ಅಳಿಸಲು ಇನ್ನೊಂದು ಮಂಡಳಿ, ಇನ್ನೊಂದು ಅರ್ಜಿ. ಮಂಡಳಿ ಒಪ್ಪಿದ ಮೇಲೆ ಆಸ್ಪತ್ರೆ, ಪಿಂಚಣಿ ಅಂತ ಮತ್ತೊಂದು ಇಲಾಖೆಯ ಬಾಗಿಲು. ಶಿಕ್ಷೆ ಕೊಡುವಾಗ ಮಾತ್ರ ಯಾರೂ ಅರ್ಜಿ ಕೇಳಿರಲಿಲ್ಲ. ಅದು ತಾನಾಗಿಯೇ ಮನೆ ಬಾಗಿಲಿಗೆ ಬಂದಿತ್ತು.

ಈ ವ್ಯವಸ್ಥೆ ಕಟ್ಟಿದವರನ್ನು ಕರೆಸಿ ಹಾವೇರಿಯ ಏಲಕ್ಕಿ ಹಾರ ಹಾಕಿ, ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡಬೇಕು. ನಮ್ಮಲ್ಲಿ ಪಹಣಿಯಲ್ಲಿ ತಪ್ಪಿಹೋದ ಅಪ್ಪನ ಹೆಸರನ್ನು ಸರಿಮಾಡಿಸಲು ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದರ ರುಚಿ ಸ್ವಲ್ಪ ಗೊತ್ತಿರುತ್ತದೆ. ಬರೆದವನು ಒಂದು ನಿಮಿಷದಲ್ಲಿ ಬರೆದ, ತಿದ್ದಿಸೋಕೆ ಒಂದು ತಲೆಮಾರು ಬೇಕು.

ಅಮೆರಿಕದ ಸೈನ್ಯ ಬಿಡುವವನಿಗೆ ಡಿಡಿ-214 ಅನ್ನುವ ಕಾಗದ ಕೊಡುತ್ತಾರೆ. ನೀನು ಎಂಥವನಾಗಿದ್ದೆ ಅಂತ ಅದರಲ್ಲಿ ಒಂದು ಕಡೆ ಬರೆದಿರುತ್ತಾರೆ. ಗೌರವದ ಬಿಡುಗಡೆ ಅಂತಿದ್ದರೆ ಎಲ್ಲಾ ಸುಸೂತ್ರ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಹೋಗುತ್ತದೆ. ಸಾಮಾನ್ಯ, ಗೌರವಕ್ಕಿಂತ ಕಡಿಮೆ, ಕೆಟ್ಟ ನಡತೆ, ಕೊನೆಗೆ ಅಗೌರವ. ಕೆಳಗಿನ ಮೆಟ್ಟಿಲಲ್ಲಿ ನಿಂತವನಿಗೆ ಓದಿನ ದುಡ್ಡಿಲ್ಲ, ಮನೆ ಸಾಲದ ನೆರವಿಲ್ಲ, ಎಷ್ಟೋ ಸಲ ಚಿಕಿತ್ಸೆಯೂ ಇಲ್ಲ. ಕೆಲಸ ಕೊಡುವವನು ಮೊದಲು ಕೇಳುವುದೇ ಈ ಕಾಗದ.

ಅದನ್ನು ಮೇಲಿನ ಮೆಟ್ಟಿಲಿಗೆ ಹತ್ತಿಸಬೇಕು ಅಂದರೆ ಡಿಡಿ-293 ಅಂತ ಒಂದು ನಮೂನೆ ಇದೆ. ಡಿಸ್ಚಾರ್ಜ್ ಆಗಿ 15 ವರ್ಷದೊಳಗೆ ತುಂಬಿ ಕಳಿಸಬೇಕು. 15 ವರ್ಷ ದಾಟಿತೋ, ನಮೂನೆ ಬೇರೆ, ಮಂಡಳಿ ಬೇರೆ. ಆ ಇನ್ನೊಂದರ ಹೆಸರು ಡಿಡಿ-149. ಅದರ ಗಡುವು ಎಷ್ಟು ಗೊತ್ತಾ? ತಪ್ಪು ಗೊತ್ತಾದ 3 ವರ್ಷದೊಳಗೆ. ಅಂದರೆ 15 ವರ್ಷ ಮೀರಿದವರಿಗೆ ಅಂತ ಇರುವ ದಾರಿಯಲ್ಲಿ 3 ವರ್ಷದ ಗೇಟು. ಗಾಬರಿ ಬೇಡ, ನ್ಯಾಯದ ಹಿತದೃಷ್ಟಿಯಿಂದ ಮಂಡಳಿ ಆ ಗಡುವನ್ನು ಮನ್ನಾ ಮಾಡಬಹುದು. ಮಾಡಲೇಬೇಕು ಅಂತೇನಿಲ್ಲ. ಅರ್ಜಿದಾರ ಸತ್ತಿದ್ದರೆ ವಾರಸುದಾರರು ಸಹಿ ಹಾಕಿ ಮರಣದ ದಾಖಲೆ ಲಗತ್ತಿಸಬಹುದು. ಆ ಅಂಕಣವನ್ನು ಅಚ್ಚು ಹಾಕಿಸಿದವರಿಗೆ ಸರ್ಕಾರದ ವೇಗದ ಬಗ್ಗೆ ಒಳ್ಳೆ ಅಂದಾಜಿತ್ತು.

ಅರ್ಜಿ ಹಾಕಿದರೆ ಮುಗಿಯಲಿಲ್ಲ. ಸರ್ಕಾರ ಮಾಡಿದ್ದು ಸರಿ ಅಂತಲೇ ಮೊದಲು ಭಾವಿಸಿಕೊಳ್ಳಬೇಕು, ಅದು ನಿಯಮ. ತಪ್ಪು ಅಂತ ಸಾಬೀತು ಮಾಡುವ ಹೊರೆ ಸೈನಿಕನದು. ವಿಯೆಟ್ನಾಂ ಯುದ್ಧದಿಂದ ಬಂದವರನ್ನು ತೆಗೆದುಕೊಳ್ಳಿ. ರಾತ್ರಿ ನಿದ್ದೆ ಇಲ್ಲ, ಸಿಟ್ಟು, ಕುಡಿತ, ಹೇಳದೆ ಕೇಳದೆ ಗೈರುಹಾಜರಿ. ಅಶಿಸ್ತು ಅಂತ ಬರೆದು ಮನೆಗೆ ಕಳಿಸಿದರು. ಯುದ್ಧದ ಆಘಾತದಿಂದ ಬರುವ ಆ ಕಾಯಿಲೆಗೆ ಅಮೆರಿಕದ ಮನೋವೈದ್ಯರು ಪಿಟಿಎಸ್‌ಡಿ ಅಂತ ಅಧಿಕೃತವಾಗಿ ಹೆಸರಿಟ್ಟದ್ದೇ 1980ರಲ್ಲಿ. ಅಂಥವರ ಅರ್ಜಿಯನ್ನು ಸ್ವಲ್ಪ ಉದಾರವಾಗಿ ನೋಡಿ ಅಂತ ರಕ್ಷಣಾ ಮಂತ್ರಿ ಹೇಗಲ್ ಮಂಡಳಿಗಳಿಗೆ ಬರೆದದ್ದು 2014ರಲ್ಲಿ. 2017ರಲ್ಲಿ ಇನ್ನೊಂದು ಸುತ್ತೋಲೆ ಬಂತು. ಅದರಲ್ಲಿ ನಾಲ್ಕು ಪ್ರಶ್ನೆ. ಕಾಯಿಲೆ ಇತ್ತೇ? ಸರ್ವಿಸ್‌ನಲ್ಲಿದ್ದಾಗಲೇ ಇತ್ತೇ? ಮಾಡಿದ ತಪ್ಪಿಗೆ ಅದು ಕಾರಣವೇ? ಕಾರಣವಾದರೂ ತಪ್ಪಿಗಿಂತ ಅದರ ತೂಕ ಜಾಸ್ತಿಯೇ? 20ನೇ ವಯಸ್ಸಿನಲ್ಲಿ ಕಾಡಿನಲ್ಲಿ ಗುಂಡು ಹಾರಿಸುತ್ತಿದ್ದ ಹುಡುಗ 70ನೇ ವಯಸ್ಸಿನಲ್ಲಿ ಕೂತು ಉತ್ತರ ಬರೆಯಬೇಕು. ಆಗ ಹೆಸರೇ ಇಲ್ಲದ ಕಾಯಿಲೆ ಆಗಲೇ ಇತ್ತು ಅನ್ನೋದಕ್ಕೆ ದಾಖಲೆ ಕೊಡಬೇಕು.

ದಾಖಲೆ ಅಂದಾಗ ನೆನಪಾಯಿತು. 1973ರ ಜುಲೈನಲ್ಲಿ ಸೇಂಟ್ ಲೂಯಿಸ್ ನಗರದ ಸೈನಿಕ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಮಾರು 1.6ರಿಂದ 1.8 ಕೋಟಿ ಕಡತ ಬೂದಿಯಾದವು. 1912ರ ನವೆಂಬರ್‌ನಿಂದ 1960ರ ಜನವರಿ ತನಕ ಭೂಸೇನೆ ಬಿಟ್ಟವರ ಕಡತಗಳಲ್ಲಿ 100ಕ್ಕೆ 80 ಹೋದವು. ಕಡತಗಳ ಇನ್ನೊಂದು ಪ್ರತಿ ಮಾಡಿಟ್ಟಿರಲಿಲ್ಲ. ಸರ್ಕಾರದ ಕಟ್ಟಡ, ಸರ್ಕಾರದ ಬೆಂಕಿ. ಸಾಕ್ಷಿ ತರಬೇಕಾದವನು ಮಾತ್ರ ಸೈನಿಕ.

ಬಣ್ಣದ ಕಥೆಯನ್ನೂ ಹೇಳಿಬಿಡುತ್ತೇನೆ. 1916ರಿಂದ 1947ರವರೆಗೆ ಅಲ್ಲಿ ನೀಲಿ ಡಿಸ್ಚಾರ್ಜ್ ಅಂತ ಒಂದಿತ್ತು. ಗೌರವವೂ ಅಲ್ಲದ, ಅಗೌರವವೂ ಅಲ್ಲದ ಬಿಡುಗಡೆ, ಅಚ್ಚಾಗಿದ್ದು ನೀಲಿ ಕಾಗದದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ 48,000ಕ್ಕೂ ಜಾಸ್ತಿ ಮಂದಿಗೆ ಇದನ್ನು ಹಂಚಿದರು. ಅದರಲ್ಲಿ 100ಕ್ಕೆ 22 ಮಂದಿ ಕಪ್ಪು ಸೈನಿಕರು. ಸೈನ್ಯದಲ್ಲಿ ಅವರಿದ್ದದ್ದು 100ಕ್ಕೆ 7 ಕೂಡ ಇಲ್ಲ. ಉಳಿದವರಲ್ಲಿ ಸಲಿಂಗಿಗಳೂ ಬಹಳ. ಕಾಗದ ನೀಲಿ ಕಂಡರೆ ಸಾಕು, ಕೆಲಸ ಕೊಡುವವನು ಓದುವ ತೊಂದರೆಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ನೀಲಿ ಹೋಯಿತು, ಆಮೇಲೆ ನಂಬರ್ ಬಂತು. ಡಿಸ್ಚಾರ್ಜ್ ಕಾಗದದ ಮೂಲೆಯಲ್ಲಿ ಒಂದು ಸಣ್ಣ ಸಂಖ್ಯೆ. ಅದರ ಅರ್ಥ ಸೈನಿಕನಿಗೆ ಗೊತ್ತಿಲ್ಲ. ಅರ್ಥದ ಪಟ್ಟಿ ಕಂಪನಿಗಳ ಕೈಗೆ ಸಿಕ್ಕಿತ್ತು. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದವನಿಗೂ ಒಂದು ಸಂಖ್ಯೆ ಇತ್ತು ಸ್ವಾಮಿ! ಮದುವೆ ವಯಸ್ಸಿನ ಗಂಡಸು ಕೋಟು ಹಾಕಿಕೊಂಡು ಸಂದರ್ಶನಕ್ಕೆ ಹೋಗಿ ಕೂತರೆ, ಮೇಜಿನ ಆಚೆ ಇದ್ದವನಿಗೆ ಅದೆಲ್ಲಾ ಮೊದಲೇ ಗೊತ್ತು. 1974ರಲ್ಲಿ ನಿಲ್ಲಿಸಿದರು. ಬೇಕಾದವರು ಸಂಖ್ಯೆ ಇಲ್ಲದ ಹೊಸ ಕಾಗದ ಕೇಳಿ ಪಡೆಯಬಹುದು ಅಂದರು. ಕೇಳಿ ಪಡೆದವನಿಗೆ ಇನ್ನೊಂದು ತಾಪತ್ರಯ. ಸಂಖ್ಯೆ ಯಾಕೆ ತೆಗೆಸಿದೆ, ಏನು ಮುಚ್ಚಿಡುತ್ತಿದ್ದೀಯ?

ಇಷ್ಟಾದರೂ ಒಬ್ಬೊಬ್ಬರೇ. ಸಗಟು ವ್ಯಾಪಾರ ನೋಡಬೇಕೆಂದರೆ 1906ಕ್ಕೆ ಹೋಗಬೇಕು. ಟೆಕ್ಸಸ್‌ನ ಬ್ರೌನ್ಸ್‌ವಿಲ್ ಊರು. ಆಗಸ್ಟ್ 13ರ ರಾತ್ರಿ ಯಾರೋ ಗುಂಡು ಹಾರಿಸಿದರು. ಬಾರಿನಲ್ಲಿ ಕೆಲಸ ಮಾಡುವವನೊಬ್ಬ ಸತ್ತ, ಪೊಲೀಸ್ ಅಧಿಕಾರಿಗೆ ಗಾಯವಾಯಿತು. ಪಕ್ಕದ ಕೋಟೆಯಲ್ಲಿದ್ದ 25ನೇ ಪದಾತಿ ದಳದ ಕಪ್ಪು ಸೈನಿಕರೇ ಮಾಡಿದ್ದು ಅಂತ ಊರಿನ ಬಿಳಿಯರು ತೀರ್ಮಾನಿಸಿದರು. ನಮ್ಮ ಹುಡುಗರು ಬ್ಯಾರಕ್‌ನಲ್ಲೇ ಇದ್ದರು ಅಂತ ಅವರ ಬಿಳಿ ಅಧಿಕಾರಿಗಳೇ ಹೇಳಿದರು. ಕೇಳುವವರ್ಯಾರು? ಯಾರು ಮಾಡಿದ್ದು ಅಂತ ಒಬ್ಬನೂ ಬಾಯಿ ಬಿಡಲಿಲ್ಲ, ಗೊತ್ತಿದ್ದರೆ ತಾನೇ ಬಿಡೋಕೆ. ಬಾಯಿ ಬಿಡದ್ದೇ ಅಪರಾಧವಾಯಿತು. ವಿಚಾರಣೆ ಇಲ್ಲ, ಕೋರ್ಟಿಲ್ಲ. ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ 167 ಮಂದಿಯನ್ನು ಗೌರವವಿಲ್ಲದೆ ಹೊರಗೆ ಹಾಕಿದರು. ಅವರಲ್ಲಿ ಮಿಂಗೊ ಸ್ಯಾಂಡರ್ಸ್ ಅನ್ನುವ ಸಾರ್ಜೆಂಟ್‌ಗೆ 20 ವರ್ಷಕ್ಕೂ ಮೀರಿದ ಸರ್ವಿಸ್ ಇತ್ತು. ಕ್ಯೂಬಾ ಯುದ್ಧದಲ್ಲಿ ಇದೇ ರೂಸ್ವೆಲ್ಟರ ತುಕಡಿಗೆ ತಮ್ಮ ಪಾಲಿನ ಬಿಸ್ಕತ್ತು ಹಂಚಿದ್ದೆವು ಅಂತ ಅವರು ಹೇಳಿಕೊಂಡಿದ್ದರು.

ಆದೇಶಕ್ಕೆ ಸಹಿ ಬಿದ್ದದ್ದು ನವೆಂಬರ್‌ನಲ್ಲಿ. ಜನಕ್ಕೆ ತಿಳಿಸಿದ್ದು ಚುನಾವಣೆ ಮುಗಿದ ಮೇಲೆ, ಯಾಕಂದರೆ ಕಪ್ಪು ಜನರ ಓಟು ರೂಸ್ವೆಲ್ಟರ ಪಕ್ಷಕ್ಕೇ ಬೀಳುತ್ತಿತ್ತು. ಮುಂದಿನ ತಿಂಗಳು, ಅದೇ 1906ರ ಡಿಸೆಂಬರ್‌ನಲ್ಲಿ ರೂಸ್ವೆಲ್ಟರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಾನು ಕಟ್ಟಿ ಹೇಳುತ್ತಿಲ್ಲ, ಕ್ಯಾಲೆಂಡರೇ ಹಾಗಿದೆ.

1972ರಲ್ಲಿ ಸೈನ್ಯ ಕಡತ ತೆಗೆದು ನೋಡಿ, ಹೌದು, ತಪ್ಪಾಗಿದೆ ಅಂತ ಒಪ್ಪಿಕೊಂಡಿತು. 66 ವರ್ಷ! ಗೌರವದ ಬಿಡುಗಡೆಯೇನೋ ಕೊಟ್ಟರು, ತೆಗೆದುಕೊಳ್ಳೋಕೆ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಮಿನಿಯಾಪೊಲಿಸ್‌ನಲ್ಲಿ ಡಾರ್ಸಿ ವಿಲ್ಲಿಸ್ ಅನ್ನುವ ಅಜ್ಜ ಇದ್ದರು. ಸುಮಾರು 60 ವರ್ಷ ಒಂದು ಕ್ಷೌರದಂಗಡಿಯಲ್ಲಿ ಜನರ ಬೂಟು ಪಾಲಿಶ್ ಮಾಡಿದವರು. 1973ರಲ್ಲಿ, ಅವರ 87ನೇ ಹುಟ್ಟುಹಬ್ಬದ ದಿನ, ಜನರಲ್ ಸಾಹೇಬರು ಬಂದು ಕಾಗದ ಕೊಟ್ಟರು. ಆಮೇಲೆ ಪರಿಹಾರ ಅಂತ 25,000 ಡಾಲರ್ ಮಂಜೂರಾಯಿತು. ಲೆಕ್ಕ ಹಾಕಿ ನೋಡಿದೆ. ದಿನಕ್ಕೆ ಒಂದು ಡಾಲರ್, ಮೇಲೆ ಚಿಲ್ಲರೆ. ಬೂಟು ಪಾಲಿಶ್‌ನಲ್ಲೇ ಜಾಸ್ತಿ ಗಿಟ್ಟುತ್ತಿತ್ತೋ ಏನೋ. 1977ರಲ್ಲಿ ತೀರಿಕೊಂಡರು.

ಗೌರವದ ಕಾಗದ ಮೊದಲೇ ಸಿಕ್ಕಿದ್ದರೆ ಎಲ್ಲಾ ಸರಿಹೋಗುತ್ತಿತ್ತು ಅಂದುಕೊಳ್ಳಬೇಡಿ. ನಮ್ಮ ಪಂಜಾಬಿನ ಭಗತ್ ಸಿಂಗ್ ತಿಂದ್ 1918ರಲ್ಲಿ ಅಮೆರಿಕದ ಸೈನ್ಯ ಸೇರಿದರು, ಪೇಟ ಸಮೇತ. ಗೌರವದ ಬಿಡುಗಡೆಯೂ ಸಿಕ್ಕಿತು, ನಡತೆ ಅತ್ಯುತ್ತಮ ಅಂತ ಷರಾ ಬೇರೆ. ಪೌರತ್ವ ಕೇಳಿದರೆ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ನೀವು ಬಿಳಿಯರಲ್ಲ, ಆಗೋದಿಲ್ಲ ಅಂದಿತು. ಮಾಜಿ ಸೈನಿಕರಿಗಾಗಿ 1935ರಲ್ಲಿ ಬೇರೆ ಕಾನೂನು ಬಂದ ಮೇಲೇ ಅವರಿಗೆ ಪೌರತ್ವ ಉಳಿದದ್ದು.

ಇನ್ನು ಲಿಯೊನಾರ್ಡ್ ಮ್ಯಾಟ್ಲೊವಿಚ್. ವಾಯುಪಡೆಯ ಸಾರ್ಜೆಂಟ್, ವಿಯೆಟ್ನಾಂನಲ್ಲಿ ಗಾಯಗೊಂಡು ಪದಕ ಪಡೆದವರು. ನಾನು ಸಲಿಂಗಿ ಅಂತ 1975ರಲ್ಲಿ ತಾವೇ ಹೇಳಿದರು. ಹೊರಗೆ ಹಾಕಿದರು. ವಾಷಿಂಗ್ಟನ್‌ನಲ್ಲಿರುವ ಅವರ ಗೋರಿಕಲ್ಲಿನ ಮೇಲೆ ಹೀಗಿದೆ: ಸೈನ್ಯದಲ್ಲಿದ್ದಾಗ ಇಬ್ಬರು ಗಂಡಸರನ್ನು ಕೊಂದದ್ದಕ್ಕೆ ಪದಕ ಕೊಟ್ಟರು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಡಿಸ್ಚಾರ್ಜ್ ಕೊಟ್ಟರು. ನಮ್ಮಂಥ ಅಂಕಣಕಾರರ ಹೊಟ್ಟೆಗೆ ಕಲ್ಲು ಹಾಕುವ ಸಾಲು. ಇದಕ್ಕಿಂತ ಚೆನ್ನಾಗಿ ವಿಡಂಬನೆ ಬರೆಯೋಕೆ ಯಾರಿಂದ ಆಗುತ್ತೆ?

ಈಗ ನನಗೆ ಸಿಟ್ಟು ಬರುವ ಭಾಗ. ಸಲಿಂಗಿ ಸೈನಿಕರಿಗೆ, ನಾವು ಕೇಳುವುದಿಲ್ಲ, ನೀವು ಹೇಳಬೇಡಿ ಅನ್ನುವ ಕಾನೂನು 1994ರಿಂದ 2011ರ ತನಕ ಇತ್ತಲ್ಲ, ಅದರಡಿ ಸುಮಾರು 13,000 ಮಂದಿ ಸೈನ್ಯ ಬಿಡಬೇಕಾಯಿತು. ಅರಬ್ಬಿ ಭಾಷೆ ಬಲ್ಲವರನ್ನೂ ಬಿಡಲಿಲ್ಲ, ಅದೂ ಇರಾಕ್ ಯುದ್ಧದ ಹೊತ್ತಿನಲ್ಲಿ. 2023ರಲ್ಲಿ ಪೆಂಟಗನ್, ಅಂದರೆ ಅಲ್ಲಿನ ರಕ್ಷಣಾ ಇಲಾಖೆ, ಅರ್ಜಿಗಾಗಿ ಕಾಯದೆ ನಾವೇ ಕಡತ ನೋಡುತ್ತೇವೆ ಅಂತ ಹೇಳಿತು. ಒಂದು ವರ್ಷದಲ್ಲಿ 800ಕ್ಕೂ ಹೆಚ್ಚು ಮಂದಿಯ ಡಿಸ್ಚಾರ್ಜ್ ಮೇಲಿನ ಮೆಟ್ಟಿಲಿಗೆ ಏರಿತು. ಅಂದರೆ ಆಗುತ್ತೆ. ಅರ್ಜಿ ಇಲ್ಲದೆ ಆಗುತ್ತೆ. ಕಡತ ಅವರ ಹತ್ತಿರವೇ ಇದೆ, ತಪ್ಪು ಅವರದೇ, ಪೆನ್ನೂ ಅವರದೇ. ಹಾಗಿದ್ದೂ ಇಷ್ಟು ವರ್ಷ ಮುದುಕರ ಕೈಯಲ್ಲಿ ಅರ್ಜಿ ಬರೆಸಿದರಲ್ಲ, ಮಲಗುವ ಕೋಣೆಯ ಹಳೆ ವಿಷಯವನ್ನು ಅಪರಿಚಿತರ ಮುಂದೆ ಮತ್ತೆ ಮತ್ತೆ ಹೇಳಿಸಿದರಲ್ಲ, ಇದಕ್ಕೆ ಏನನ್ನಬೇಕು? ಎಷ್ಟೋ ಮಂದಿ ನಾಚಿಕೆಗೆ ಅರ್ಜಿಯನ್ನೇ ಹಾಕದೆ ಸತ್ತಿರುತ್ತಾರೆ. ತಮಾಷೆ ಮಾಡೋಕೂ ಬೇಜಾರಾಗುತ್ತದೆ.

ಇರಲಿ. ಹೊಸ ಅಧ್ಯಕ್ಷರು ಬಂದಿದ್ದಾರೆ, ಕೆಲಸ ಚುರುಕಾಗಿದೆ. 2025ರ ಜನವರಿ 27ರಂದು ಟ್ರಂಪ್ ಸಾಹೇಬರು ಕೋವಿಡ್ ಲಸಿಕೆ ಬೇಡ ಅಂದು ಸೈನ್ಯದಿಂದ ಹೊರಬಿದ್ದಿದ್ದ ಸುಮಾರು 8,000 ಮಂದಿಗೆ, ಬನ್ನಿ, ಬಾಕಿ ಸಂಬಳ ಸಮೇತ ವಾಪಸ್ ತೆಗೆದುಕೊಳ್ಳುತ್ತೇವೆ ಅಂದರು. ಸರ್ಕಾರವೇ ಅವರನ್ನು ಹುಡುಕಿಕೊಂಡು ಹೋಗಿ ಕರೆಯಿತು. ಅದೇ ದಿನ ಇನ್ನೊಂದು ಆದೇಶಕ್ಕೂ ಸಹಿ ಹಾಕಿದರು. ಲಿಂಗ ಬದಲಾಯಿಸಿಕೊಂಡವರಿಗೆ ಸೈನ್ಯದಲ್ಲಿ ಜಾಗವಿಲ್ಲ ಅಂತ. ಒಂದು ಬಾಗಿಲಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಕೇಸು ನಡೀಲಿ, ಅಲ್ಲಿ ತನಕ ಹೊರಗೆ ಹಾಕಬಹುದು ಅಂದಿತು. ಆಗಸ್ಟ್‌ನಲ್ಲಿ ವಾಯುಪಡೆ, 15ರಿಂದ 18 ವರ್ಷ ದುಡಿದ ಅಂಥವರಿಗೆ ಅವಧಿಗೆ ಮುಂಚಿನ ನಿವೃತ್ತಿಯೂ ಇಲ್ಲ ಅಂತ ಹೇಳಿತು. ನಿವೃತ್ತಿ ಇಲ್ಲ ಅಂದರೆ ಪಿಂಚಣಿಯೂ ಇಲ್ಲ.

ಆದರೆ ಡಿಸ್ಚಾರ್ಜ್ ಮಾತ್ರ ಗೌರವದ್ದೇ ಅಂತೆ. ಹಾಗಾಗಿ 293ನೇ ನಮೂನೆಯ ಗೋಜು ಇವರಿಗಿಲ್ಲ. ಮಿಕ್ಕ ತಕರಾರಿಗೆ 149 ಇದ್ದೇ ಇದೆ, ಮೂರು ವರ್ಷ ಟೈಮ್ ಕೊಟ್ಟಿದ್ದಾರೆ.